ಮುಪ್ಪಿಗೊಂದು ಕಟ್ಟೆ

ಹಳ್ಳಿಯಲ್ಲಿ ಒಂಟಿತನವೆಲ್ಲಿಯದು, ಅದೇನಿದ್ದರೂ ನಗರದ ಬೇನೆ ಎಂದು ನಾವು ಬಹುಕಾಲ ನಂಬಿಕೊಂಡು ಬಂದಿದ್ದೇವೆ. ಆ ಮಾತು ಬಂದೊಡನೆ ಬಹುಮಹಡಿಯ ಕಟ್ಟಡವೊಂದರ ಕಿಟಕಿಯ ಬಳಿ ಕುಳಿತ ನಿವೃತ್ತ ಅಧಿಕಾರಿಯ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಆತನ ಮಗ ಅಮೆರಿಕದಲ್ಲಿರುತ್ತಾನೆ. ಆದರೆ ದೀಪಾವಳಿ ಕಳೆದ ಮೇಲೆ ಯಾದಗಿರಿ, ಶಹಾಪುರ, ಸುರಪುರಗಳ ಕಡೆಯ ಹಳ್ಳಿಗಳಲ್ಲಿ ಓಡಾಡಿದವರಿಗೆ ಈ ನಂಬಿಕೆ ಬಹಳ ದಿನ ಉಳಿಯಲಾರದು. ಸಾಲುಮನೆಗಳಿಗೆ ಬೀಗ. ನಡುವೆ ಎಲ್ಲಿಯಾದರೂ ತೆರೆದ ಬಾಗಿಲು ಕಂಡರೆ ಒಳಗೆ ಒಬ್ಬ ಮುತ್ಯಾ, ಇಲ್ಲವೆ ಒಬ್ಬ ಆಯಿ. ಜೊತೆಗೆ ಶಾಲೆಗೆ ಹೋಗುವ ಒಂದೆರಡು ಮೊಮ್ಮಕ್ಕಳು. ದುಡಿಯುವ ವಯಸ್ಸಿನವರು ಗುಳೆ ಹೋಗಿರುತ್ತಾರೆ: ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ.

ಯಾದಗಿರಿ 2010ರಲ್ಲಿ ಗುಲಬರ್ಗಾದಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾಯಿತು. ಮರುವರ್ಷದ ಜನಗಣತಿಯಂತೆ ಇಲ್ಲಿಯ ಜನಸಂಖ್ಯೆ 11 ಲಕ್ಷ 74 ಸಾವಿರ; ಐವರಲ್ಲಿ ನಾಲ್ವರು ಹಳ್ಳಿಗಳಲ್ಲಿರುವವರು; ಅಕ್ಷರ ಬಲ್ಲವರು ನೂರಕ್ಕೆ 52ರಷ್ಟು ಮಾತ್ರ, ರಾಜ್ಯದಲ್ಲಿಯೇ ಕಡಮೆ. ನಾರಾಯಣಪುರದ ಎಡದಂಡೆ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರಗಳ ಎಷ್ಟೋ ಎರೆಹೊಲಗಳು ಭತ್ತದ ಗದ್ದೆಗಳಾದವು, ನಿಜ. ಆದರೆ ನೀರು ಮುಟ್ಟದ ಊರುಗಳಿಂದಲೂ, ನೀರು ಮುಟ್ಟಿದ ಊರುಗಳ ಭೂಮಿಯಿಲ್ಲದ ಮನೆಗಳಿಂದಲೂ ಜನ ಹೊರಡುವುದು ನಿಲ್ಲಲಿಲ್ಲ. ಹೊರಟವರನ್ನು ಹೆತ್ತವರನ್ನು ಮರೆತವರೆಂದು ಬಯ್ಯುವುದು ಸುಲಭ. ಕಟ್ಟಡದ ಮಗ್ಗುಲಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಮಲಗುವ ಮಗ ಮಂಡಿನೋವಿನ ತಾಯಿಯನ್ನು ಅಲ್ಲಿಗೆ ಕರೆದೊಯ್ದು ಮಾಡುವುದೇನು? ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ‘ಉಂಡಿಯೇನವ್ವಾ?’ ಎಂದು ಕೇಳುತ್ತಾನೆ. ಆಕೆ ‘ಉಂಡೆಪಾ’ ಎನ್ನುತ್ತಾಳೆ. ಎಷ್ಟೋ ದಿನ ಅದು ನಿಜವಿರುವುದಿಲ್ಲ. ಒಬ್ಬಳಿಗಾಗಿ ಒಲೆ ಹಚ್ಚುವುದಕ್ಕೆ ಮನಸ್ಸು ಬರುವುದಿಲ್ಲ.

2020ರ ಬೇಸಗೆಯಲ್ಲಿ ಸೋಂಕಿನ ಭಯದಿಂದ ನಗರಗಳು ಮುಚ್ಚಿದಾಗ ಗುಳೆ ಹೋದವರು ಸಿಕ್ಕ ವಾಹನ ಹಿಡಿದು, ಕೆಲವರು ನಡೆದೇ, ಊರು ಸೇರಿದರು. ಲೋಕಕ್ಕೆಲ್ಲ ದುರ್ಭರವಾದ ಆ ವರ್ಷದಲ್ಲಿ ಈ ಕಡೆಯ ಅನೇಕ ಪಡಸಾಲೆಗಳು ತುಂಬಿಕೊಂಡಿದ್ದವು ಎಂಬುದನ್ನು ಹೇಳುವುದಕ್ಕೆ ಸಂಕೋಚವಾಗುತ್ತದೆ. ಆದರೂ ಅದು ನಿಜ.

ಮುಪ್ಪಿನ ಪ್ರಶ್ನೆಯನ್ನು ನಮ್ಮ ಸರಕಾರಗಳು ಬಹುಮಟ್ಟಿಗೆ ಹಣದ ಪ್ರಶ್ನೆಯೆಂದು ತಿಳಿದಿವೆ. ಹಾಗೆ ತಿಳಿದದ್ದರಲ್ಲಿ ತಪ್ಪಿಲ್ಲ. ಹೊಟ್ಟೆಯ ಮಾತು ಮೊದಲು. 2007ರಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ತುಂಬಿದ ಬಡವರಿಗೆ ತಿಂಗಳ ವೇತನ ದೊರೆಯುತ್ತದೆ. ಅದೇ ವರ್ಷ ಸಂಸತ್ತು ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯನ್ನು ಮಾಡಿತು. ಮಕ್ಕಳು ನೋಡಿಕೊಳ್ಳದಿದ್ದರೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಹಾಕಿಕೊಳ್ಳಬಹುದು. ಜಿಲ್ಲೆಗೊಂದರಂತೆ 150 ಮಂದಿ ನಿರ್ಗತಿಕ ವೃದ್ಧರಿಗೆ ಸಾಕಾಗುವ ಆಶ್ರಮವನ್ನು ಕಟ್ಟಬಹುದೆಂಬ ಮಾತೂ ಅದರಲ್ಲಿದೆ. ಮಗನಿಂದ ತಿಂಗಳಿಗಿಷ್ಟು ಹಣ ಕೊಡಿಸುವ ಅಧಿಕಾರ ನ್ಯಾಯಮಂಡಳಿಗೆ ಇದೆ. ಸಂಜೆಗೊಮ್ಮೆ ಬಂದು ಪಕ್ಕದಲ್ಲಿ ಕುಳಿತುಕೋ ಎಂದು ಅದು ಆಜ್ಞೆ ಮಾಡಲಾರದು.

ಈ ವೇತನದ ಕುರಿತೇ ಒಂದು ಮಾತು. ಮೊದಲು ಇದು ಮನಿಯಾರ್ಡರಿನ ಮೂಲಕ ಬರುತ್ತಿತ್ತು. ಅಂಚೆಯವನು ಬಾಗಿಲಿಗೆ ಬಂದು, ಹೊಸ್ತಿಲ ಮೇಲೆ ಕುಳಿತು, ನೋಟು ಎಣಿಸಿ ಕೊಟ್ಟು, ಹೆಬ್ಬೆಟ್ಟಿನ ಗುರುತು ಹಾಕಿಸಿಕೊಳ್ಳುತ್ತಿದ್ದ. ಅಲ್ಲಲ್ಲಿ ಐದೋ ಹತ್ತೋ ರೂಪಾಯಿ ಮುರಿದುಕೊಳ್ಳುತ್ತಾನೆಂಬ ದೂರುಗಳು ಇದ್ದವು. ಅದನ್ನು ತಪ್ಪಿಸಲೆಂದು ಹಣ ನೇರವಾಗಿ ಖಾತೆಗೆ ಹೋಗುವ ಏರ್ಪಾಡಾಯಿತು. ಏರ್ಪಾಡು ನ್ಯಾಯವಾದದ್ದೇ. ಆದರೆ ಶಹಾಪುರ ತಾಲ್ಲೂಕಿನ ಹಳ್ಳಿಯೊಂದರ ಆಯಿಯೊಬ್ಬಳು ನನಗೆ ಹೇಳಿದ ಮಾತು ಮನಸ್ಸಿನಿಂದ ಹೋಗಿಲ್ಲ: ‘ರೊಕ್ಕ ಬರ್ತದಪಾ, ಮನಿಶಾ ಬರಂಗಿಲ್ಲ.’ ತಿಂಗಳಿಗೊಮ್ಮೆ ಬರುತ್ತಿದ್ದ ಆ ಮನುಷ್ಯ ಪಕ್ಕದೂರಿನಲ್ಲಿ ಯಾರು ಸತ್ತರು, ಯಾರ ಮನೆಯಲ್ಲಿ ತೊಟ್ಟಿಲು ಕಟ್ಟಿದರು ಎಂಬ ಸುದ್ದಿಯನ್ನೂ ತರುತ್ತಿದ್ದ. ಯೋಜನೆ ಬರೆದವರ ಲೆಕ್ಕದಲ್ಲಿ ಆ ಸುದ್ದಿಗೆ ಬೆಲೆ ಕಟ್ಟಿರಲಿಲ್ಲ.

ಇದಕ್ಕೆ ಪ್ರತಿಯಾಗಿ, ಮುಪ್ಪನ್ನು ಮನಸ್ಸಿನಲ್ಲಿಟ್ಟುಕೊಳ್ಳದೆ ಮಾಡಿದ ಯೋಜನೆಯೊಂದು ಮುಪ್ಪಿಗೆ ಒದಗಿಬಂದದ್ದೂ ಉಂಟು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ. ಶಕ್ತಿ ಯೋಜನೆಯ ಪರ ವಿರೋಧ ವಾದಗಳೆಲ್ಲ ಹಣಕಾಸಿನ ಸುತ್ತ, ದುಡಿಯುವ ಹೆಂಗಸರ ಸುತ್ತ ನಡೆದಿವೆ. ಸುರಪುರದ ಬಸ್ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಅರ್ಧ ಗಂಟೆ ನಿಂತು ನೋಡಿ. ಕೈಚೀಲದಲ್ಲಿ ರೊಟ್ಟಿ ಕಟ್ಟಿಕೊಂಡು ಅರವತ್ತೈದು ಎಪ್ಪತ್ತರ ಹೆಂಗಸರು ಇಬ್ಬಿಬ್ಬರಾಗಿ, ಮೂವರಾಗಿ ಹೊರಟಿರುತ್ತಾರೆ. ಒಬ್ಬಳು ತವರಿಗೆ, ಒಬ್ಬಳು ತಿಂಥಣಿಯ ಮೋನಪ್ಪಯ್ಯನ ಗುಡಿಗೆ, ಇನ್ನೊಬ್ಬಳು ಮದುವೆಯಾದ ಮೇಲೆ ನೋಡಿಯೇ ಇಲ್ಲದ ಗೆಳತಿಯ ಊರಿಗೆ. ಹಿಂದೆ ಇವರು ಹೋಗಬೇಕಾದರೆ ಮಗನ ಹತ್ತಿರ ಕೈಚಾಚಬೇಕಾಗಿತ್ತು. ಯಾಕೆ ಹೋಗುತ್ತೀ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾಗಿತ್ತು. ಸುಮ್ಮನೆ ನೋಡಿ ಬರುವುದಕ್ಕೆ ಎಂಬ ಉತ್ತರ ಯಾವ ಮನೆಯಲ್ಲಿ ನಡೆದೀತು? ವೃದ್ಧರ ಒಂಟಿತನವನ್ನು ಕಡಮೆ ಮಾಡುವ ಕಾರ್ಯಕ್ರಮ ಈ ಜಿಲ್ಲೆಯಲ್ಲಿ ಯಾವುದಿದೆ ಎಂದು ಕೇಳಿದರೆ ನಾನು ಮೊದಲು ತೋರಿಸುವುದು ಈ ಬಸ್ಸನ್ನು. ಗಂಡಸರಿಗೆ ಈ ಅನುಕೂಲವಿಲ್ಲ; ಹಿರಿಯರೆಂದು ಕಾಲುಭಾಗದ ರಿಯಾಯಿತಿ ಮಾತ್ರ. ಅವರಿಗೆ ಕಟ್ಟೆಯಿದೆ ಎಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ.

ಕಟ್ಟೆಯ ಮಾತು ಬಂದಿತು. ಅಗಸಿಯ ಕಟ್ಟೆ, ಹನುಮಪ್ಪನ ಗುಡಿಯ ಕಟ್ಟೆ, ಬೇವಿನ ಮರದ ಕಟ್ಟೆ. ಇವುಗಳನ್ನು ಕುರಿತು ನಮ್ಮ ಸಾಹಿತ್ಯದಲ್ಲಿ ಬೇಕಾದಷ್ಟು ನಲ್ನುಡಿಗಳಿವೆ. ಅಲ್ಲಿ ಹರಟೆಯಿದೆ, ಎಲೆಯಡಿಕೆಯಿದೆ, ಊರ ಸುದ್ದಿಯಿದೆ. ನಾನೂ ಕಟ್ಟೆಯನ್ನು ಮೆಚ್ಚಿದವನೇ. ಆದರೆ ಅದರ ಮೇಲೆ ಯಾರು ಕುಳಿತಿದ್ದಾರೆ ಎಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ಹೆಂಗಸರು ಇಲ್ಲ. ಕೇರಿಯ ಹಿರಿಯ ಬಂದರೆ ನಿಂತೇ ಮಾತಾಡಿಸಿಕೊಂಡು ಹೋಗುತ್ತಾನೆ. ಕೂಡು ಎನ್ನುವವರಿಲ್ಲ, ಅವನೂ ಕೂಡುವುದಿಲ್ಲ. ಎಪ್ಪತ್ತು ವರ್ಷ ಒಂದೇ ಊರಿನಲ್ಲಿ ಬಾಳಿದವರ ನಡುವೆ ಹೀಗಿದೆ. ಕಟ್ಟೆ ಉಳಿದರೆ ಸಾಕು, ಒಂಟಿತನ ತಾನೇ ಹೋಗುತ್ತದೆ ಎನ್ನುವವರು ಈ ಮಾತನ್ನು ಬಿಟ್ಟು ಹೇಳುತ್ತಾರೆ.

ಇದಕ್ಕಿಂತ ಉದಾರವಾದ ಕೂಟವೊಂದು ಇದೇ ನೆಲದಲ್ಲಿ ಹುಟ್ಟಿ ಬೆಳೆದಿದೆ. ಅದು ತತ್ವಪದದ ಭಜನೆ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ಶಿಷ್ಯರಲ್ಲಿ ಚನ್ನೂರ ಜಲಾಲ ಸಾಹೇಬರಿದ್ದರೆಂಬುದನ್ನು ನೆನೆದರೆ ಸಾಕು, ಈ ಪರಂಪರೆಯ ಹರವು ತಿಳಿಯುತ್ತದೆ. ಅಮಾವಾಸ್ಯೆಯ ರಾತ್ರಿ ಏಕತಾರಿ, ತಾಳ, ದಮ್ಮಡಿ ಹಿಡಿದು ಕುಳಿತವರಲ್ಲಿ ಬಹುಪಾಲು ಹಣ್ಣುಗೂದಲಿನವರು. ಇಲ್ಲಿ ಮುದುಕರಿಗೆ ಇರುವ ಸ್ಥಾನವನ್ನು ಗಮನಿಸಬೇಕು. ಅವರು ಉಪಚಾರಕ್ಕಾಗಿ ಬಂದವರಲ್ಲ. ಪದ ಬಲ್ಲವರು ಅವರೇ. ಎಷ್ಟೋ ಹಾಡುಗಾರರಿಗೆ ಅಕ್ಷರ ಬಾರದು, ಪದಗಳು ಕಂಠದಲ್ಲಿವೆ. ಹದಿನೆಂಟರ ಹುಡುಗ ಒಂದು ಪದ ಕಲಿಯಬೇಕಾದರೆ ಮುತ್ಯಾನ ಮಗ್ಗುಲಲ್ಲಿ ಕೂಡಲೇಬೇಕು. ಒಬ್ಬನಿಗೆ ಕಾಯಿಲೆಯಾಗಿ ಮುಂದಿನ ಅಮಾವಾಸ್ಯೆಗೆ ಬಾರದಿದ್ದರೆ ಆ ಜಾಗ ಖಾಲಿ ಕಾಣುತ್ತದೆ. ಮರುದಿನ ಯಾರೋ ಅವನ ಮನೆಗೆ ಹೋಗಿ ನೋಡಿಕೊಂಡು ಬರುತ್ತಾರೆ. ದೂರದ ದೇಶಗಳಲ್ಲಿ ಸಂಸ್ಥೆಗಳು ಸಂಬಳ ಕೊಟ್ಟು ಮಾಡಿಸುವ ಕೆಲಸ ಇದು.

ಆ ದೇಶಗಳು ಈಗ ಈ ಬೇನೆಯನ್ನು ಹಗುರವಾಗಿ ಕಾಣುತ್ತಿಲ್ಲ. 2018ರಲ್ಲಿ ಬ್ರಿಟನ್ನು ಒಂಟಿತನದ ಹೊಣೆಯನ್ನು ಒಬ್ಬ ಮಂತ್ರಿಗೆ ಒಪ್ಪಿಸಿತು, 2021ರಲ್ಲಿ ಜಪಾನೂ ಹಾಗೆಯೇ ಮಾಡಿತು. 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವೊಂದು ಲೋಕದ ಆರು ಮಂದಿಯಲ್ಲಿ ಒಬ್ಬರು ಒಂಟಿತನದಿಂದ ಬಳಲುತ್ತಿದ್ದಾರೆಂದೂ, ಅದರಿಂದ ವರ್ಷಕ್ಕೆ 8 ಲಕ್ಷ 71 ಸಾವಿರ ಸಾವುಗಳು ಸಂಭವಿಸುತ್ತವೆಂದು ಅಂದಾಜಿದೆಯೆಂದೂ ಹೇಳಿತು. ನನಗೆ ಇವೆಲ್ಲಕ್ಕಿಂತ ಹಿಡಿಸಿದ್ದು ಆಫ್ರಿಕದ ಜಿಂಬಾಬ್ವೆಯ ಉದಾಹರಣೆ. ಅಲ್ಲಿ ಮನೋವೈದ್ಯರು ತೀರ ವಿರಳ. ಡಿಕ್ಸನ್ ಚಿಬಾಂಡ ಎಂಬ ವೈದ್ಯರು 2006ರಲ್ಲಿ ಹರಾರೆಯ ಬಡಾವಣೆಯೊಂದರಲ್ಲಿ ಆಸ್ಪತ್ರೆಯ ಹೊರಗೆ ಮರದ ಬೆಂಚು ಹಾಕಿಸಿ, ಅಜ್ಜಿಯರಿಗೆ ತರಬೇತಿ ಕೊಟ್ಟು ಕೂಡಿಸಿದರು. ಮನಸ್ಸು ಭಾರವಾದವರು ಬಂದು ಅಜ್ಜಿಯ ಜೊತೆ ಮಾತಾಡಿ ಹೋಗುತ್ತಾರೆ. ಬಂದವರಿಗೆ ಅದರಿಂದ ಗುಣ ಕಂಡುಬಂದುದನ್ನು ಶಾಸ್ತ್ರೀಯವಾಗಿ ಅಳೆದು ನೋಡಿ 2016ರಲ್ಲಿ ಪ್ರಕಟಿಸಿದ್ದಾರೆ. ಹೆಂಗಸು ಕುಳಿತ ಕಟ್ಟೆ ಎಂದು ನಾನು ಅದನ್ನು ಮನಸ್ಸಿನಲ್ಲಿ ಕರೆದುಕೊಳ್ಳುತ್ತೇನೆ.

ನಮ್ಮಲ್ಲಿ ಹೊಸ ಕಟ್ಟಡ ಕಟ್ಟಬೇಕಾಗಿಲ್ಲ. ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳೆನಿಸಿಕೊಂಡಿವೆ. ಪರೀಕ್ಷೆಗೆ ಓದುವ ಹುಡುಗರು ಅಲ್ಲಿಗೆ ಬರುತ್ತಾರೆ. ಮಧ್ಯಾಹ್ನದ ಎರಡು ಗಂಟೆ ಅಲ್ಲಿ ಹಿರಿಯರು ಕೂಡಲಿ, ಒಬ್ಬ ಹುಡುಗ ದಿನಪತ್ರಿಕೆಯನ್ನು ಗಟ್ಟಿಯಾಗಿ ಓದಲಿ. ಓದು ಬಾರದವರೇ ಹೆಚ್ಚಿರುವ ಕಡೆ ಪತ್ರಿಕೆ ತರಿಸಿದರೆ ಸಾಲದು, ಓದುವ ದನಿಯೂ ಬೇಕು. ನಡುವೆ ಯಾರಾದರೂ ‘ತಡಿ, ಆ ಊರು ನನಗ ಗೊತ್ತದ’ ಎಂದು ಬಾಯಿ ಹಾಕುತ್ತಾರೆ. ಓದು ಅಲ್ಲಿಗೇ ನಿಂತರೂ ನಷ್ಟವಿಲ್ಲ. ಪಂಚಾಯತಿಯ ಜಾಗವಾದ್ದರಿಂದ ಕೇರಿಯ ಹಿರಿಯನಿಗೆ ಅಲ್ಲಿ ಕುರ್ಚಿಯ ಮೇಲೆ ಕೂಡುವ ಹಕ್ಕಿದೆ, ಆಯಿಗೂ ಇದೆ. ಹಕ್ಕಿದೆ ಎಂದ ಮಾತ್ರಕ್ಕೆ ಅವರು ಬಂದುಬಿಡುವುದಿಲ್ಲ ಎಂಬುದನ್ನೂ ಬಲ್ಲೆ. ಮೊದಲ ಕೆಲವು ದಿನ ಯಾರಾದರೂ ಮನೆಗೆ ಹೋಗಿ ‘ಬಾ ಮುತ್ಯಾ, ಬಾ ಆಯಿ’ ಎಂದು ಕೈಹಿಡಿದು ಕರೆತರಬೇಕು. ಈ ಕೆಲಸಕ್ಕೆ ಸುತ್ತೋಲೆ ಹೊರಡಿಸುವುದು ಕಷ್ಟ. ಆಶಾ ಕಾರ್ಯಕರ್ತೆ ಬಾಣಂತಿಯನ್ನು ನೋಡಲು ಅದೇ ಓಣಿಗೆ ಹೋಗುತ್ತಾಳೆ. ಆಕೆಯ ಮೇಲೆ ಇನ್ನೊಂದು ಹೊರೆ ಹೊರಿಸುವುದು ಸರಿಯಲ್ಲ, ಹೊರಿಸುವುದಾದರೆ ಅದಕ್ಕೆ ತಕ್ಕ ಸಂಭಾವನೆ ಕೊಡಬೇಕು. ಹಾಗಿಲ್ಲದಿದ್ದರೆ ಊರ ಮಹಿಳಾ ಸಂಘದವರನ್ನು ಕೇಳಬಹುದು. ಉಳಿತಾಯದ ಸಭೆಗೆಂದು ಅವರು ಹೇಗೂ ಮನೆಮನೆಗೆ ಹೋಗಿ ಕರೆಯುತ್ತಾರೆ. ಆರಂಭಕ್ಕೆ ಕಾಲವನ್ನೂ ಆರಿಸಿಕೊಳ್ಳಬೇಕು. ಗುಳೆಯ ಬಸ್ಸು ಹೊರಟ ಮರುವಾರವೇ ಆದರೆ ಒಳ್ಳೆಯದು. ಮನೆ ಮೊದಲ ಸಲ ಬಿಕೋ ಎನ್ನುವುದು ಆಗಲೇ.