ಬಡಿಸುವ ಮೊದಲೇ ಸಾಕೆನ್ನೋಣ

(ತುಮಕೂರಿನಲ್ಲಿ ನಡೆದ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ತಿಂಗಳು ನನಗೆ ಕೊಟ್ಟಿರುವ ವಿಷಯ ‘ಪ್ರಸಾದ’. ಹಿಂದಿನ ಗೋಷ್ಠಿಗಳಲ್ಲಿ ಅಷ್ಟಾವರಣ, ಷಟ್‌ಸ್ಥಲಗಳ ಬಗ್ಗೆ ಬಲ್ಲವರು ಮಾತನಾಡಿದ್ದಾರೆ. ನಾನು ವಿದ್ವಾಂಸನಲ್ಲ, ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತನಾದವನು. ಹಾಗಾಗಿ ಮಠದಿಂದ ಶುರುಮಾಡದೆ ಹೋಟೆಲಿನಿಂದ ಶುರುಮಾಡುತ್ತೇನೆ. ನಗಬೇಡಿ, ಮಾತು ಕೊನೆಗೆ ಪ್ರಸಾದಕ್ಕೇ ಬರುತ್ತದೆ.

ಮನೆ ತುಮಕೂರಿನಲ್ಲಿ. ಕೆಲಸ ಏಳು ವರ್ಷ ಗುಬ್ಬಿಯಲ್ಲಿ, ಆಮೇಲೆ ಐದು ವರ್ಷ ಕುಣಿಗಲ್ಲಿನಲ್ಲಿ. ಬೆಳಿಗ್ಗೆ ಬಸ್ಸು ಹಿಡಿಯುವ ಅವಸರದಲ್ಲಿ ತಿಂಡಿ ಹೋಟೆಲಿನಲ್ಲಿ, ಮಧ್ಯಾಹ್ನ ಊಟ ಹೋಟೆಲಿನಲ್ಲಿ, ಸಂಜೆ ಬಸ್‌ಸ್ಟ್ಯಾಂಡಿನ ಎದುರು ಒಂದು ವಡೆ, ಒಂದು ಕಾಫಿ. ಹನ್ನೆರಡು ವರ್ಷ ಹೀಗೆ ನಡೆಯಿತು. ನಿವೃತ್ತಿಯ ವರ್ಷ ತೂಕ ನೋಡಿಸಿದೆ: 94 ಕಿಲೋ. ನನ್ನ ಎತ್ತರ 165 ಸೆಂಟಿಮೀಟರ್. ವೈದ್ಯರು ಲೆಕ್ಕ ಹಾಕಿ, ‘ನಿಮ್ಮ ಎತ್ತರಕ್ಕೆ 63 ಕಿಲೋ ಸಾಕು. ಉಳಿದ 31 ಕಿಲೋವನ್ನು ಯಾರಿಗಾಗಿ ಹೊತ್ತಿದ್ದೀರಿ?’ ಎಂದರು. ರಕ್ತದಲ್ಲಿ ಸಕ್ಕರೆ ಅಂಶವೂ ಏರಿತ್ತು.

ನನಗೆ ಆಶ್ಚರ್ಯ. ‘ಡಾಕ್ಟ್ರೇ, ನಾವು ಲಿಂಗಾಯತರು, ಮೊಟ್ಟೆಯನ್ನೂ ಮುಟ್ಟುವವರಲ್ಲ’ ಅಂದೆ. ಅವರು ನಕ್ಕರು. ‘ಪೂರಿ ಸಸ್ಯಾಹಾರವೇ, ಮೈಸೂರುಪಾಕು ಸಸ್ಯಾಹಾರವೇ, ಡಾಲ್ಡವೂ ಸಸ್ಯಾಹಾರವೇ’ ಎಂದರು.

ಬಂಧುಗಳೇ, ನಮ್ಮ ಮೊದಲ ಭ್ರಮೆ ಇದು. ಸಸ್ಯಾಹಾರ ನಮ್ಮ ಆಚಾರ, ಅದರ ಬಗ್ಗೆ ನಮಗೆ ಗೌರವವಿದೆ. ಆದರೆ ಸಸ್ಯಾಹಾರಿ ಎಂದಮಾತ್ರಕ್ಕೆ ಮಿತಾಹಾರಿ ಎಂದಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ. ಅವರಲ್ಲಿ ಸಸ್ಯಾಹಾರಿಗಳೂ ಇದ್ದಾರೆ, ನಾನೂ ಒಬ್ಬ. ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ದಾಟಿದರೆ ನಮ್ಮ ಜನಕ್ಕೆ ಅಪಾಯದ ಗೆರೆ ದಾಟಿದಂತೆ ಎಂದು ವೈದ್ಯರು ಹೇಳುತ್ತಾರೆ. ಇವತ್ತು ಮನೆಗೆ ಹೋಗಿ ಒಂದು ಟೇಪು ಹಿಡಿದು ನೋಡಿಕೊಳ್ಳಿ.

ಹಾಗಾದರೆ ಹೋಟೆಲಿಗೆ ಹೋಗಬಾರದೆ? ನಾನು ಹಾಗೆ ಹೇಳುವುದಿಲ್ಲ. ಜಾತಿ ಕೇಳದೆ ಎಲ್ಲರನ್ನೂ ಒಂದೇ ಮೇಜಿಗೆ ಕೂರಿಸುವ ಜಾಗವನ್ನು ಬಸವಣ್ಣನವರ ಅನುಯಾಯಿಗಳು ಹಳಿಯಬಾರದು. ನಮ್ಮ ಅಜ್ಜಂದಿರ ಕಾಲದಲ್ಲಿ ಹೋಟೆಲಿನಲ್ಲೂ ಕೆಲವರಿಗೆ ಒಳಕೋಣೆ, ಕೆಲವರಿಗೆ ಹೊರಜಗಲಿ ಇತ್ತು. ಇಂದು ಅದು ಬಹುಮಟ್ಟಿಗೆ ಹೋಗಿದೆ, ಒಳ್ಳೆಯದಾಯಿತು. ಕೆಲಸಕ್ಕೆ ಹೋಗುವವರು, ಹಾಸ್ಟೆಲಿನ ಮಕ್ಕಳು, ಆಸ್ಪತ್ರೆಗೆ ಬಂದವರು ಎಲ್ಲಿ ಉಣ್ಣಬೇಕು? ಹೋಟೆಲು ಬೇಕು. ಬೇಕಿಲ್ಲದ್ದು ಅಲ್ಲಿ ಕೂತಾಗ ನಮ್ಮೊಳಗೆ ಏಳುವ ಆಸೆ.

ಹೋಟೆಲಿನ ಊಟ ಏಕೆ ತೂಕ ಏರಿಸುತ್ತದೆ ಎಂಬುದನ್ನು ಬ್ಯಾಂಕಿನವನಾಗಿ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಗ್ರಾಂ ಅಕ್ಕಿಹಿಟ್ಟಿನಲ್ಲೋ ಸಕ್ಕರೆಯಲ್ಲೋ ಸುಮಾರು 4 ಕ್ಯಾಲೊರಿ ಇದ್ದರೆ, ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ. ಊಟದ ದೊಡ್ಡ ಚಮಚದಲ್ಲಿ ಒಂದು ಚಮಚ ಎಣ್ಣೆಯೆಂದರೆ ಸುಮಾರು 125 ಕ್ಯಾಲೊರಿ. ಕಾವಲಿಯ ಮೇಲೆ ದೋಸೆಗೆ ಎರಡು ಚಮಚ ಸುರಿದರೆ 250. ಅಷ್ಟನ್ನು ಕರಗಿಸಲು ಅಮಾನಿಕೆರೆಯ ದಂಡೆಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಚುರುಕಾಗಿ ನಡೆಯಬೇಕು. ಇದರಲ್ಲಿ ದೋಸೆಯ ಹಿಟ್ಟು, ಆಲೂಗಡ್ಡೆ ಪಲ್ಯ, ಕಾಯಿಚಟ್ನಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕೂತು ಕೆಲಸಮಾಡುವ ಗಂಡಸಿಗೆ ಇಡೀ ದಿನಕ್ಕೆ ಸುಮಾರು 2,100 ಕ್ಯಾಲೊರಿ, ಹೆಂಗಸಿಗೆ ಸುಮಾರು 1,660 ಸಾಕೆಂದು ನಮ್ಮ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ನಾನು ಬೆಳಿಗ್ಗೆಯ ತಿಂಡಿಯಲ್ಲೇ ಅರ್ಧ ಖರ್ಚು ಮಾಡಿ ಕೂರುತ್ತಿದ್ದೆ.

ಹತ್ತು ಅಥವಾ ಹೆಚ್ಚು ಶಾಖೆಗಳಿರುವ ದೊಡ್ಡ ಹೋಟೆಲುಗಳು ಪ್ರತಿ ತಿನಿಸಿನ ಕ್ಯಾಲೊರಿಯನ್ನು ಮೆನುವಿನಲ್ಲಿ ತೋರಿಸಬೇಕೆಂಬ ಸರ್ಕಾರಿ ನಿಯಮವಿದೆ. ಗುಬ್ಬಿಯ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಅದು ತಗಲುವುದಿಲ್ಲ. ಅಲ್ಲಿ ಲೆಕ್ಕ ನಾವೇ ಇಡಬೇಕು.

ಲೆಕ್ಕ ಗೊತ್ತಾದ ಮೇಲೂ ನಾನು ಒಂದು ವರ್ಷ ಬದಲಾಗಲಿಲ್ಲ. ಬದಲಾಯಿಸಿದ್ದು ಒಂದು ಸೋಮವಾರ.

ಅಂದು ಮನೆಮಂದಿಯೆಲ್ಲ ಯಡಿಯೂರು ಸಿದ್ಧಲಿಂಗೇಶ್ವರರ ದರ್ಶನಕ್ಕೆ ಹೊರಟಿದ್ದೆವು. ಕುಣಿಗಲ್ಲಿನಲ್ಲಿ ತಿಂಡಿಗೆ ಇಳಿದೆವು. ಯಜಮಾನನ ಗತ್ತಿನಲ್ಲಿ ನಾನೇ ಆರ್ಡರು ಕೊಟ್ಟೆ: ಎಲ್ಲರಿಗೂ ಮಸಾಲೆ ದೋಸೆ, ಮೊಮ್ಮಕ್ಕಳಿಗೆ ಪೂರಿ, ನಡುವೆ ಇರಲಿ ಅಂತ ಎರಡು ಪ್ಲೇಟು ವಡೆ, ಒಂದು ಚೌಚೌ ಬಾತ್. ಮಕ್ಕಳು ಅರ್ಧ ಪೂರಿ ತಿಂದು ಎದ್ದವು. ವಡೆ ಉಳಿಯಿತು. ಕೇಸರಿಬಾತು ಹಾಗೇ ಇತ್ತು. ನಾನು ಕೈತೊಳೆದು ಬಿಲ್ಲು ಕೊಡಲು ಹೋದೆ. ತಿರುಗಿ ನೋಡಿದರೆ ನಮ್ಮ ಮನೆಯವರು ಒಬ್ಬರೇ ಕೂತು ಮಕ್ಕಳ ತಟ್ಟೆಯ ಪೂರಿ ತಿನ್ನುತ್ತಿದ್ದಾರೆ. ‘ಬಿಟ್ಟುಬಿಡು, ಹೊತ್ತಾಯಿತು’ ಅಂದೆ. ‘ಅನ್ನ ಚೆಲ್ಲಬಾರದು ಕಣ್ರೀ, ಪ್ರಸಾದ’ ಅಂದರು.

ಅವರಿಗೆ ಮಂಡಿನೋವು. ಸಕ್ಕರೆ ಕಾಯಿಲೆ ನನಗಿಂತ ಮೊದಲೇ ಬಂದಿತ್ತು. ಯಡಿಯೂರಿನಲ್ಲಿ ಮೆಟ್ಟಿಲು ಹತ್ತುವಾಗ ನನ್ನ ಭುಜ ಹಿಡಿದುಕೊಂಡು ನಿಂತರು. ಆಗ ನನಗೆ ಹೊಳೆಯಿತು. ನಲವತ್ತು ವರ್ಷ ನಮ್ಮ ಮನೆಯಲ್ಲಿ ಉಳಿದ ಅನ್ನವೆಲ್ಲ ಹೋಗಿದ್ದು ಒಬ್ಬಳ ಮೈಗೆ. ಹೆಚ್ಚು ತರಿಸುವುದು ನನ್ನ ದೊಡ್ಡಸ್ತಿಕೆ. ಅದನ್ನು ಖಾಲಿಮಾಡುವುದು ಅವಳ ಧರ್ಮ.

ತಾಯಂದಿರೇ, ನಿಮ್ಮಲ್ಲಿ ಎಷ್ಟು ಜನ ಹಸಿವಿಲ್ಲದೆ, ಬರೀ ಉಳಿಯಿತಲ್ಲ ಎಂದು ಊಟ ಮಾಡಿದ್ದೀರಿ? ಕೈ ಎತ್ತುವುದು ಬೇಡ. ನಿಮಗೇ ಗೊತ್ತು.

ಈಗ ವಿಷಯಕ್ಕೆ ಬರುತ್ತೇನೆ. ಪ್ರಸಾದವನ್ನು ಚೆಲ್ಲಬಾರದು ಎಂಬುದು ನಮ್ಮ ಧರ್ಮದ ದೊಡ್ಡ ಮಾತು. ನಮ್ಮ ಹಿರಿಯರು ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯುತ್ತಿದ್ದರು. ಒಂದು ಅಗುಳೂ ವ್ಯರ್ಥವಾಗುತ್ತಿರಲಿಲ್ಲ. ಆದರೆ ಆ ಹಿರಿಯರು ಮೊದಲು ಎಷ್ಟು ಬಡಿಸಿಕೊಳ್ಳುತ್ತಿದ್ದರು ಎಂಬುದನ್ನು ನಾವು ಮರೆತೆವು. ನಮ್ಮ ಶರಣರ ತಿಳಿವಳಿಕೆಯಲ್ಲಿ ಆಹಾರ ಮೊದಲು ಪದಾರ್ಥ. ಇಷ್ಟಲಿಂಗಕ್ಕೆ ಅರ್ಪಿಸಿದ ಮೇಲೆ ಅದು ಪ್ರಸಾದ. ಪ್ರಸಾದವಾದ ಮೇಲೆ ಬಿಡುವಂತಿಲ್ಲ ಎಂದರೆ ಅರ್ಥವೇನು? ಪದಾರ್ಥವಾಗಿರುವಾಗಲೇ ಅಳತೆ ಮಾಡಬೇಕು ಎಂದರ್ಥ. ತಟ್ಟೆ ಖಾಲಿಮಾಡುವ ನಿಯಮವನ್ನು ಉಳಿಸಿಕೊಂಡು ತಟ್ಟೆ ತುಂಬಿಸುವಾಗಿನ ಎಚ್ಚರವನ್ನು ಬಿಟ್ಟೆವು. ಅರ್ಧ ಆಚಾರ ಉಳಿಯಿತು. ಆ ಅರ್ಧವೇ ಈಗ ರೋಗವಾಗಿದೆ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆ ನಿಮಗೆಲ್ಲ ಗೊತ್ತಿದೆ. ಮಾರಯ್ಯ ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಲಕ್ಕಮ್ಮ ಅದನ್ನು ಅಟ್ಟು ಬಡಿಸಿದಳೆ? ಇಲ್ಲ. ಹೆಚ್ಚಾದದ್ದನ್ನು ತಂದ ಜಾಗಕ್ಕೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಗಮನಿಸಿ: ಅಕ್ಕಿ ಅನ್ನವಾಗುವ ಮೊದಲೇ, ಒಲೆಗೆ ಏರುವ ಮೊದಲೇ ಆಕೆ ‘ಸಾಕು’ ಎಂದಳು. ಹೆಚ್ಚು ತಂದ ತಪ್ಪನ್ನು ತನ್ನ ಹೊಟ್ಟೆಗೆ ಹಾಕಿಕೊಂಡು ಮುಚ್ಚಲಿಲ್ಲ; ಗಂಡನಿಗೇ ತಿಳಿಸಿ ತಿದ್ದಿಸಿದಳು. ನಾವು ಭಾಷಣದಲ್ಲಿ ಲಕ್ಕಮ್ಮನನ್ನು ಹೊಗಳುತ್ತೇವೆ, ಮನೆಯ ಲಕ್ಕಮ್ಮನನ್ನು ಉಳಿದದ್ದು ತಿನ್ನಲು ಕೂರಿಸುತ್ತೇವೆ.

ಇದಕ್ಕೆ ದೂರದ ಉದಾಹರಣೆ ಬೇಡ. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದರು. 111 ವರ್ಷದ ಬಾಳು. ಸಾವಿರಾರು ಮಕ್ಕಳಿಗೆ ದಿನವೂ ಹೊಟ್ಟೆತುಂಬ ದಾಸೋಹ ನಡೆಸಿದ ಆ ಮಹನೀಯರು ತಾವು ಉಣ್ಣುತ್ತಿದ್ದುದು ಎಷ್ಟು ಕಡಿಮೆ ಎಂಬುದನ್ನು ಈ ಊರಿನವರಿಗೆ ನಾನು ಹೇಳಬೇಕಿಲ್ಲ. ಬಡಿಸುವುದರಲ್ಲಿ ಧಾರಾಳ, ಬಡಿಸಿಕೊಳ್ಳುವುದರಲ್ಲಿ ಬಿಗಿ. ನಾವು ಅದನ್ನು ತಲೆಕೆಳಗು ಮಾಡಿದ್ದೇವೆ.

ಇನ್ನು ನಾನು ಏನು ಮಾಡಿದೆ ಎಂಬುದನ್ನು ಹೇಳಿ ಮುಗಿಸುತ್ತೇನೆ. ಇದು ಉಪದೇಶವಲ್ಲ, ಅನುಭವ.

ಹೋಟೆಲಿಗೆ ಹೊಟ್ಟೆ ಹಸಿದು ಕಂಗೆಟ್ಟು ಹೋಗುವುದನ್ನು ಬಿಟ್ಟೆ. ಹಸಿದವನ ಬಾಯಿ ಆರ್ಡರು ಕೊಟ್ಟರೆ ಹೊಟ್ಟೆ ಅದರ ಸಾಲ ತೀರಿಸಬೇಕಾಗುತ್ತದೆ. ಹೊರಡುವ ಮುಂಚೆ ಒಂದು ಲೋಟ ಮಜ್ಜಿಗೆಯೋ ಒಂದು ಸೌತೆಕಾಯಿಯೋ ಸಾಕು.

ಕ್ಯಾತ್ಸಂದ್ರದ ತಟ್ಟೆ ಇಡ್ಲಿಯನ್ನು ಬಿಟ್ಟಿಲ್ಲ. ಬಿಟ್ಟರೆ ತುಮಕೂರಿನವನೇ ಅಲ್ಲ. ಅದು ಹಬೆಯಲ್ಲಿ ಬೆಂದದ್ದು, ಕರಿದದ್ದಲ್ಲ. ಆದರೆ ಒಂದು ತಟ್ಟೆ ಇಡ್ಲಿ ಸಾಮಾನ್ಯ ಇಡ್ಲಿ ಎರಡು ಮೂರಕ್ಕೆ ಸಮ. ಒಂದನ್ನು ಬೆಣ್ಣೆಯಿಲ್ಲದೆ ತಿನ್ನುತ್ತೇನೆ. ಎರಡನೆಯದು ನಾಲಿಗೆಯ ಪಾಲಿನದು ಎಂದು ಈಗ ತಿಳಿದಿದೆ.

ಮಾಣಿಗೆ ಮೊದಲೇ ಹೇಳುತ್ತೇನೆ: ‘ದೋಸೆಗೆ ಎಣ್ಣೆ ಕಡಿಮೆ, ಬೆಣ್ಣೆ ಬೇಡ.’ ಮೊದಮೊದಲು ನಾಚಿಕೆಯಾಯಿತು. ಈಗ ಅವನೇ ಕಾವಲಿಯ ಕಡೆ ಕೂಗಿ ಹೇಳುತ್ತಾನೆ. ಊಟಕ್ಕೆ ಕೂತರೆ ಕೋಸಂಬರಿ, ಪಲ್ಯ, ಸಾರನ್ನು ಮೊದಲು ಮುಗಿಸುತ್ತೇನೆ. ಅನ್ನ ಒಂದೇ ಸಲ. ಪೂರಿ, ಹಪ್ಪಳ, ಸಿಹಿಯನ್ನು ತಟ್ಟೆಗೆ ಇಡುವ ಮೊದಲೇ ಬೇಡವೆನ್ನುತ್ತೇನೆ. ಇಟ್ಟಮೇಲೆ ಬೇಡವೆಂದರೆ ಪ್ರಯೋಜನವಿಲ್ಲ. ಮುದ್ದೆ ಸಿಗುವ ಕಡೆ ಮುದ್ದೆ, ಬಸ್ಸಾರು. ಆದರೆ ಮುದ್ದೆಯೂ ಒಂದೇ. ರಾಗಿಯೆಂದು ಮೂರು ನುಂಗಿದರೆ ರಾಗಿಯೂ ಕಾಪಾಡುವುದಿಲ್ಲ. ಮಕ್ಕಳು ಉತ್ತರ ಭಾರತದ ಊಟ ಕೇಳುತ್ತಾರೆ. ತರಿಸಲಿ. ಪನೀರಿನ ಮಸಾಲೆಯಲ್ಲಿ ಗೋಡಂಬಿ, ಬೆಣ್ಣೆ, ಕೆನೆ ಇರುತ್ತದೆಂದು ತಿಳಿದು ನಾಲ್ಕು ಜನಕ್ಕೆ ಒಂದು, ಜೊತೆಗೆ ದಾಲ್. ಬೆಣ್ಣೆ ನಾನ್ ಬದಲು ಬೆಣ್ಣೆ ಸವರದ ರೊಟ್ಟಿ.

ಕಾಫಿಯಲ್ಲಿ ‘ಬೈಟು’ ಎಂಬ ಒಳ್ಳೆಯ ಪದ್ಧತಿಯನ್ನು ನಮ್ಮ ಜನವೇ ಮಾಡಿಕೊಂಡಿದ್ದಾರೆ. ಒಂದನ್ನು ಇಬ್ಬರು ಹಂಚಿಕೊಂಡರೆ ಯಾರೂ ಜಿಪುಣ ಎನ್ನುವುದಿಲ್ಲ. ಅದನ್ನೇ ದೋಸೆಗೂ ತಂದೆವು. ನಾನೂ ನಮ್ಮ ಮನೆಯವರೂ ಈಗ ಒಂದು ಮಸಾಲೆ ದೋಸೆಯನ್ನು ಬೈಟು ಮಾಡುತ್ತೇವೆ. ಮೊದಲು ಒಂದು ತರಿಸುತ್ತೇವೆ, ಸಾಲದಿದ್ದರೆ ಇನ್ನೊಂದು. ಹೋಟೆಲು ಎಲ್ಲಿಗೂ ಓಡಿಹೋಗುವುದಿಲ್ಲ. ಚೀಲದಲ್ಲಿ ಒಂದು ಸ್ಟೀಲು ಡಬ್ಬಿ ಇರುತ್ತದೆ. ಹೆಚ್ಚೆನಿಸಿದರೆ ಕೈಹಾಕುವ ಮೊದಲೇ ಅದಕ್ಕೆ ತೆಗೆದಿಡುತ್ತೇವೆ. ಆಮೇಲೆ ಅದು ಎಂಜಲಲ್ಲ, ಇನ್ನೊಬ್ಬರಿಗೂ ಕೊಡಬಹುದು.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ತೂಕ ಇಳಿಸುವ ಆತುರದಲ್ಲಿ ಊಟ ತಪ್ಪಿಸಬೇಡಿ. ಸಕ್ಕರೆ ಒಮ್ಮೆಲೇ ಇಳಿದರೆ ಪ್ರಾಣಕ್ಕೆ ಸಂಚಕಾರ. ಸೋಮವಾರದ ಉಪವಾಸವನ್ನೂ ವೈದ್ಯರನ್ನು ಕೇಳಿಯೇ ಮಾಡಿ.

ಹದಿನಾಲ್ಕು ತಿಂಗಳಾಯಿತು. 94 ಇದ್ದದ್ದು 85 ಆಗಿದೆ. ದೊಡ್ಡ ಸಾಧನೆಯಲ್ಲ, ಇನ್ನೂ ದೂರ ಹೋಗಬೇಕು. ನಮ್ಮ ಮನೆಯವರದು ಆರು ಕಿಲೋ ಇಳಿದಿದೆ. ಹೋದ ತಿಂಗಳು ಗುಬ್ಬಿಯ ಚನ್ನಬಸವೇಶ್ವರರ ಗುಡಿಗೆ ಹೋದಾಗ ಅವರು ನನ್ನ ಭುಜ ಹಿಡಿಯಲಿಲ್ಲ. ನನಗೆ ಆ ಒಂಬತ್ತು ಕಿಲೋಗಿಂತ ಇದು ದೊಡ್ಡದು.

ಬಂಧುಗಳೇ, ಲಿಂಗವನ್ನು ಧರಿಸಿದ ಈ ಶರೀರ ನಮ್ಮ ಆಸೆಯ ಉಗ್ರಾಣವಲ್ಲ. ಕಾಯಕ ಮಾಡಲು, ಇನ್ನೊಬ್ಬರಿಗೆ ಬಡಿಸಲು ಇರುವುದು. ಅದಕ್ಕೆ ಬೇಕಾದಷ್ಟು ಪಡೆಯುವುದು ಪ್ರಸಾದ. ಅದಕ್ಕಿಂತ ಹೆಚ್ಚಿನದು ಮಾರಯ್ಯ ಹೆಚ್ಚಾಗಿ ತಂದ ಅಕ್ಕಿ.

ಈಗ ಒಳಗೆ ಪ್ರಸಾದದ ವ್ಯವಸ್ಥೆಯಾಗಿದೆ. ಪಾಯಸವೂ ಇದೆಯಂತೆ, ವಾಸನೆ ಬರುತ್ತಿದೆ. ಬಡಿಸುವ ತರುಣರಲ್ಲಿ ನನ್ನದೊಂದು ವಿನಂತಿ: ಯಾರಾದರೂ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದರೆ ‘ಇರಲಿ, ಒಂದು ಸೌಟು’ ಎಂದು ಒತ್ತಾಯ ಮಾಡಬೇಡಿ. ಅಡ್ಡ ಹಿಡಿದ ಆ ಕೈಗೆ ಗೌರವ ಕೊಡಿ. ತಾಯಂದಿರಿಗೆ ಬೇರೆ ಪಂಕ್ತಿ, ಆಮೇಲೆ ಪಂಕ್ತಿ ಬೇಡ. ಅವರೂ ಈಗಲೇ, ಬಿಸಿಯಿರುವಾಗಲೇ, ನಮ್ಮ ಪಕ್ಕದಲ್ಲೇ ಕೂರಲಿ.