ಒಬ್ಬ ಕೈದಿ ಕೇಳಿದ ಪ್ರಶ್ನೆ



ಅರಾಜಕತೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೊಂಬಿ, ಬೆಂಕಿ, ಮುರಿದ ಅಂಗಡಿ ಬಾಗಿಲುಗಳು. ಆದರೆ ಅರಾಜಕತಾವಾದವೆಂಬ ಚಿಂತನೆಯ ಒಡಲಲ್ಲಿ ಬೇರೆಯೇ ಪ್ರಶ್ನೆಯಿದೆ: ಮನುಷ್ಯನ ಮೇಲೆ ಮನುಷ್ಯನಿಗೆ ಅಪ್ಪಣೆಯ ಅಧಿಕಾರವನ್ನು ಕೊಟ್ಟವರಾರು? ಜನಾಂಗದ್ವೇಷದ ವಿರುದ್ಧ ಹೋರಾಡುವವರಿಗೆ ಈ ಪ್ರಶ್ನೆ ಏಕೆ ಬೇಕೆಂಬುದನ್ನು ನಾವು ಗ್ರಂಥಗಳಿಂದಲ್ಲ, ಓರ್ವ ಕೈದಿಯ ಬದುಕಿನಿಂದ ನೋಡಬಯಸುತ್ತೇವೆ.

ಮಾರ್ಟಿನ್ ಸೋಸ್ಟ್ರೆ 1923ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಜನಿಸಿದ, ಪೋರ್ಟೊರಿಕೊ ಮೂಲದ ಕಪ್ಪು ಜನಾಂಗದವರು. 1950ರ ದಶಕದಲ್ಲಿ ಸೆರೆಮನೆಯೊಳಗೆ ಅವರು ನೇಶನ್ ಆಫ್ ಇಸ್ಲಾಮ್ ಸೇರಿದರು. (ಆ ಸಂಘಟನೆಯ ನಂಬಿಕೆಗಳಿಗೂ ಮುಸ್ಲಿಮ್ ಜಗತ್ತಿನ ವಿಶ್ವಾಸಗಳಿಗೂ ಇದ್ದ ಅಂತರ ಇಲ್ಲಿನ ಚರ್ಚೆಯಲ್ಲ.) ಧರ್ಮಾಚರಣೆಯ ಹಕ್ಕಿಗಾಗಿ ಅವರೂ ಸಂಗಡಿಗರೂ ನ್ಯಾಯಾಲಯದ ಮೆಟ್ಟಿಲೇರಿದರು. ಇಂತಹ ದೂರನ್ನು ಆಲಿಸಲೇಬೇಕೆಂದು 1961ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತು.

ಬಿಡುಗಡೆಯಾದ ಬಳಿಕ ಅವರು ಬಫಲೋ ನಗರದಲ್ಲಿ ಪುಸ್ತಕದಂಗಡಿ ತೆರೆದರು. 1967ರ ದಂಗೆಯ ಬೆನ್ನಲ್ಲೇ ಮಾದಕ ವಸ್ತು ಮಾರಿದ ಆರೋಪ ಹೊರಿಸಿ ಬಂಧಿಸಲಾಯಿತು. 41 ವರ್ಷಗಳವರೆಗಿನ ಶಿಕ್ಷೆ. ಮುಖ್ಯ ಸಾಕ್ಷಿ ಮುಂದೆ ತನ್ನ ಮಾತನ್ನೇ ಹಿಂತೆಗೆದುಕೊಂಡರೂ ಬಾಗಿಲು ತೆರೆಯಲಿಲ್ಲ. 372 ದಿನ ಅವರನ್ನು ಏಕಾಂತದಲ್ಲಿಟ್ಟದ್ದನ್ನು 1970ರಲ್ಲಿ ನ್ಯಾಯಾಧೀಶೆ ಕಾನ್‌ಸ್ಟನ್ಸ್ ಬೇಕರ್ ಮೋಟ್ಲಿ ಖಂಡಿಸಿದರು. ಗಡ್ಡ ಬೋಳಿಸಲು, ಬೆತ್ತಲೆ ತಪಾಸಣೆಗೆ ಒಳಗಾಗಲು ಸೋಸ್ಟ್ರೆ ಒಪ್ಪಲಿಲ್ಲ, ಹೊಡೆತ ತಿಂದರು. ತನ್ನ ದೇಹದ ಮೇಲಿನ ಅಧಿಕಾರವನ್ನೇ ಬಿಟ್ಟುಕೊಟ್ಟವನಿಗೆ ಬೇರಾವ ಸ್ವಾತಂತ್ರ್ಯ ಉಳಿದೀತು? ಅವರ ಅರಾಜಕತಾವಾದ ಹುಟ್ಟಿದ್ದು ಇಂತಹ ಕೋಣೆಗಳಲ್ಲಿ. 1975ರ ಡಿಸೆಂಬರ್‌ನಲ್ಲಿ ಗವರ್ನರ್ ಕ್ಷಮಾದಾನ ನೀಡಿದರು.

ಈ ನಡುವೆ, 1969ರಲ್ಲಿ ನ್ಯೂಯಾರ್ಕಿನ ಸೆರೆಮನೆಯಲ್ಲಿ ಅವರಿಗೆ ಲೊರೆಂಝೊ ಎರ್ವಿನ್ ಎಂಬ ತರುಣ ಜೊತೆಯಾದ. ಬ್ಲ್ಯಾಕ್ ಪ್ಯಾಂಥರ್ ಪಕ್ಷದಲ್ಲಿದ್ದವನು. ವಿಮಾನ ಅಪಹರಿಸಿ ಕ್ಯೂಬಾಕ್ಕೆ ಓಡಿದವನು. ಸಮಾನತೆಯ ನಾಡೆಂದು ನಂಬಿ ಹೋದಲ್ಲಿ ಅವನಿಗೆ ಸಿಕ್ಕಿದ್ದೂ ಸೆರೆಯೇ. ಸೋಸ್ಟ್ರೆಯಿಂದ ಕಲಿತದ್ದನ್ನು ಆತ ಮುಂದೆ ಗ್ರಂಥವಾಗಿ ಬರೆದ. ಪ್ಯಾಂಥರರು ಓಣಿ ಓಣಿಗಳಲ್ಲಿ ಮಕ್ಕಳಿಗೆ ಬೆಳಗಿನ ಉಪಾಹಾರ ಉಣಿಸಿದರು, ಅದು ಜನರ ಶಕ್ತಿ; ಆದರೆ ನಿರ್ಧಾರಗಳು ಮೇಲಿನಿಂದ ಇಳಿಯುತ್ತಿದ್ದವು. ಎಫ್‌ಬಿಐಯ ಕುತಂತ್ರ ನಿಜ. ಆದರೆ 1971ರಲ್ಲಿ ನಾಯಕರಿಬ್ಬರು ಕಾದಾಡಿದಾಗ ಇಡೀ ಪಕ್ಷ ಸೀಳಿಹೋದದ್ದಕ್ಕೆ ಪೊಲೀಸರನ್ನಷ್ಟೇ ದೂರಲಾದೀತೇ?

ಸಭಿಕರೇ, ಪೀಡಿತ ಸಮುದಾಯಗಳಲ್ಲಿ ಒಂದು ಮಾತು ಸದಾ ಕೇಳಿಬರುತ್ತದೆ: ‘ಹೊರಗೆ ವೈರಿ ನಿಂತಿದ್ದಾನೆ, ಈಗ ನಾಯಕರನ್ನು ಪ್ರಶ್ನಿಸಬೇಡಿ.’ ಲೆಕ್ಕ ಕೇಳಿದ ಯುವಕ ಒಡಕು ತರುವವನಾಗುತ್ತಾನೆ. ಸಮಿತಿಯಲ್ಲಿ ಸ್ಥಾನ ಕೇಳಿದ ಸಹೋದರಿ ಪಶ್ಚಿಮದ ಅನುಕರಣೆಯವಳಾಗುತ್ತಾಳೆ. ನಾವೂ ಈ ಮಾತನ್ನು ಆಡಿದವರೇ. ಹಾಗೆಂದು ಸರಕಾರವೇ ಬೇಡವೆಂಬ ವಾದ ನಮಗೆ ಒಪ್ಪಿತವಲ್ಲ. ಕಾನೂನಿನ ಆಸರೆ ದುರ್ಬಲರಿಗೇ ಹೆಚ್ಚು ಬೇಕು. ಸೋಸ್ಟ್ರೆ ಕೂಡಾ ಕೋರ್ಟನ್ನು ಬಿಟ್ಟವರಲ್ಲ.

ಬಿಡುಗಡೆಯ ನಂತರ ಅವರು ಪಕ್ಷ ಕಟ್ಟಲಿಲ್ಲ. ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ ನೆರೆಹೊರೆಯ ಯುವಕರ ಜೊತೆ ಪಾಳುಬಿದ್ದ ಕಟ್ಟಡಗಳನ್ನು ದುರಸ್ತಿಗೊಳಿಸುವ ಕೆಲಸಕ್ಕಿಳಿದರು. 2015ರಲ್ಲಿ ತೀರಿಕೊಂಡರು.