ರಕ್ತದ ಹಕ್ಕು, ಶಿಕ್ಷೆಯ ಮಿತಿ

(ಮಟಕಿಯ ಮಸೀದಿಯಲ್ಲಿ ನೀಡಿದ ಜುಮಾ ಪ್ರವಚನದ ಸಾರಾಂಶ)

ಸರ್ವ ಸ್ತುತಿ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್(ಸ)ರ ಮೇಲೆ ಸಲಾತ್ ಮತ್ತು ಸಲಾಮ್.



ಎಲ್ಲಾದರೂ ದರೋಡೆಗೆ ಬಂದವರು ಮನೆಯವರನ್ನು ಕೊಂದರೆಂಬ ಸುದ್ದಿ ಬಂದರೆ ಚಹಾದಂಗಡಿಯಲ್ಲೂ ಮೊಬೈಲಿನ ಗುಂಪುಗಳಲ್ಲೂ ಒಂದೇ ಮಾತು ಕೇಳುತ್ತದೆ: ‘ಕೋರ್ಟ್ ಯಾಕ್ರೀ, ಹಿಡಿದು ಗಲ್ಲಿಗೆ ಹಾಕ್ರಿ.’ ಈ ಸಿಟ್ಟು ಬರುವುದು ಸಹಜ. ಒಬ್ಬ ನಿರಪರಾಧಿಯನ್ನು ಕೊಂದವನು ಇಡೀ ಮನುಕುಲವನ್ನೇ ಕೊಂದಂತೆ ಎಂದು ಕುರ್‌ಆನ್ ಎಚ್ಚರಿಸುತ್ತದೆ (5:32). ಅದರ ಮುಂದಿನ ಸೂಕ್ತವೇ ದರೋಡೆ ಮತ್ತು ಕ್ಷೋಭೆಗೆ ಕಠಿಣ ಶಿಕ್ಷೆಗಳನ್ನು ಹೇಳುತ್ತದೆ. ಸಾಮಾನ್ಯ ಕೊಲೆಯಲ್ಲಿ ವಾರಸುದಾರರು ಕ್ಷಮಿಸಬಹುದು (2:178). ದರೋಡೆಗಾಗಿ ಕೊಂದವನಿಗೆ ಮಾತ್ರ ವಾರಸುದಾರರ ಕ್ಷಮೆಯೂ ಸಾಲದು ಎಂಬುದು ಬಹುತೇಕ ಫಿಕ್ಹ್ ವಿದ್ವಾಂಸರ ಅಭಿಪ್ರಾಯ. ಅವನು ಇಡೀ ಊರಿನ ನೆಮ್ಮದಿಯನ್ನೇ ಕೆಡಿಸಿದ್ದಾನೆ. ಆದರೆ ಆ ಶಿಕ್ಷೆ ಕೊಡುವ ಅಧಿಕಾರ ಆಡಳಿತ ಮತ್ತು ನ್ಯಾಯಾಧೀಶರದು, ಬೀದಿಯಲ್ಲಿ ಸೇರಿದ ಜನರದ್ದಲ್ಲ. ಈ ವಿಷಯದಲ್ಲಿಯೂ ವಿದ್ವಾಂಸರು ಖಚಿತವಾಗಿದ್ದಾರೆ.

ನಮ್ಮ ರಾಜ್ಯದ ಒಂದು ಪ್ರಕರಣ ನೋಡೋಣ. 1998ರ ಫೆಬ್ರವರಿಯಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಉಮೇಶ್ ರೆಡ್ಡಿ ಎಂಬಾತ ಒಬ್ಬ ವಿಧವೆಯ ಮನೆಗೆ ನುಗ್ಗಿ, ಅತ್ಯಾಚಾರ ಮಾಡಿ, ಕೊಂದು, ಒಡವೆ ಹಣ ದೋಚಿದ. ಮನೆಗೆ ಬಂದ ಆಕೆಯ ಏಳು ವರ್ಷದ ಮಗ ಅವನನ್ನು ಕಂಡಿದ್ದ. ಆ ಮಗುವಿನ ಸಾಕ್ಷ್ಯವೂ ಅಪರಾಧ ಸಾಬೀತಾಗಲು ಆಧಾರವಾಯಿತು. 2006ರಲ್ಲಿ ವಿಚಾರಣಾ ನ್ಯಾಯಾಲಯ ಮರಣದಂಡನೆ ವಿಧಿಸಿತು. ಹೈಕೋರ್ಟ್ ಅದನ್ನು ಖಾಯಂಗೊಳಿಸಿತು. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಎತ್ತಿಹಿಡಿಯಿತು. 2013ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿಯನ್ನು ತಿರಸ್ಕರಿಸಿದರು.

ಆದರೂ 2022ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವನು ನಿರಪರಾಧಿ ಎಂದಲ್ಲ. ಕಾನೂನಿನ ಒಪ್ಪಿಗೆ ಇಲ್ಲದೆ 2006ರಿಂದ 2016ರವರೆಗೆ, ಹತ್ತು ವರ್ಷ, ಬೆಳಗಾವಿಯ ಜೈಲಿನಲ್ಲಿ ಅವನನ್ನು ಒಂಟಿ ಕೋಣೆಯಲ್ಲಿ ಇಡಲಾಗಿತ್ತು. ನ್ಯಾಯಾಲಯ ಹೇಳಿದ ಶಿಕ್ಷೆ ಒಂದು, ಜೈಲಿನಲ್ಲಿ ನಡೆದದ್ದು ಅದಕ್ಕಿಂತ ಹೆಚ್ಚು. ಹಾಗೆಂದು ಅವನನ್ನು ಬಿಟ್ಟುಬಿಡಲೂ ಇಲ್ಲ. ಕನಿಷ್ಠ 30 ವರ್ಷ ಜೈಲಿನಲ್ಲಿರಬೇಕೆಂದು ಆದೇಶವಾಯಿತು.

ಇಂಥವನಿಗೂ ಮಿತಿಯೇ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸೂರಃ ಬನೀ ಇಸ್ರಾಈಲ್‌ನ 33ನೇ ಸೂಕ್ತ ನೆನಪಿಸಿಕೊಳ್ಳಿ. ಅನ್ಯಾಯವಾಗಿ ಕೊಲೆಯಾದವನ ವಾರಸುದಾರನಿಗೆ ಅಲ್ಲಾಹನು ಹಕ್ಕು ಕೊಟ್ಟಿದ್ದಾನೆ. ಅದೇ ಉಸಿರಿನಲ್ಲಿ, ಪ್ರತೀಕಾರದಲ್ಲಿ ಹದ್ದು ಮೀರಬಾರದು ಎಂದೂ ಕಟ್ಟಪ್ಪಣೆ ಮಾಡಿದ್ದಾನೆ. ಸಂಕಟದಲ್ಲಿರುವ ವಾರಸುದಾರನಿಗೇ ಈ ಮಿತಿ ಇದೆ ಎಂದಮೇಲೆ ದೂರದಿಂದ ಸುದ್ದಿ ಕೇಳಿದ ನಮಗೆ ಇಲ್ಲವೇ?

ಈಗ ಪಕ್ಕದ ಮಹಾರಾಷ್ಟ್ರದ ಮಾತು. 2003ರ ಜೂನ್‌ನಲ್ಲಿ ನಾಸಿಕ್ ಬಳಿ ಹೊಲದ ಗುಡಿಸಲೊಂದಕ್ಕೆ ರಾತ್ರಿ ದರೋಡೆಕೋರರು ನುಗ್ಗಿ ಒಂದೇ ಕುಟುಂಬದ ಐವರನ್ನು ಕೊಂದರು. ಅಲೆಮಾರಿ ಸಮುದಾಯದ ಆರು ಜನರನ್ನು ಪೊಲೀಸರು ಹಿಡಿದರು. 2006ರಲ್ಲಿ ಆರೂ ಜನರಿಗೆ ಮರಣದಂಡನೆಯಾಯಿತು. ಹೈಕೋರ್ಟ್ ಮೂವರ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿದರೆ, 2009ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಆರೂ ಜನರಿಗೆ ಗಲ್ಲೇ ಸರಿ ಎಂದಿತು. ಮುಂದೆ ಅದೇ ಸುಪ್ರೀಂ ಕೋರ್ಟ್ ಪ್ರಕರಣವನ್ನು ಪುನಃ ಪರಿಶೀಲಿಸಿತು. ಬದುಕುಳಿದ ಸಾಕ್ಷಿ ಮೊದಲು ಪೊಲೀಸರ ಫೋಟೋಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದು, ಆ ದಾರಿಯಲ್ಲಿ ತನಿಖೆ ನಡೆಯದಿದ್ದುದು ಬೆಳಕಿಗೆ ಬಂತು. 2019ರ ಮಾರ್ಚ್ 5ರಂದು ಆರೂ ಜನರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿ, ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಆದೇಶಿಸಿತು. ಅಷ್ಟರಲ್ಲಿ 16 ವರ್ಷ ಕಳೆದಿತ್ತು. ಅವರಲ್ಲೊಬ್ಬ ಘಟನೆಯ ವೇಳೆ ಹದಿನೆಂಟು ತುಂಬದ ಹುಡುಗ.

ಸಹೋದರರೇ, ಜನರ ಸಿಟ್ಟಿನ ಮಾತು ನಡೆದಿದ್ದರೆ ಆರು ನಿರಪರಾಧಿಗಳು ಮಣ್ಣಾಗಿರುತ್ತಿದ್ದರು. ಸತ್ತ ಐವರಿಗೂ ನ್ಯಾಯ ಸಿಗುತ್ತಿರಲಿಲ್ಲ, ಯಾಕೆಂದರೆ ನಿಜವಾದ ಕೊಲೆಗಾರರು ಹೊರಗೇ ಇರುತ್ತಿದ್ದರು. ತಪ್ಪು ಕೊರಳಿಗೆ ಬಿದ್ದ ಕುಣಿಕೆ ಕೊಲೆಯಾದವನ ಹಕ್ಕನ್ನೂ ಕಸಿಯುತ್ತದೆ. ಸುದ್ದಿ ಬಂದರೆ ಪರಿಶೀಲಿಸಿ, ಇಲ್ಲವಾದರೆ ತಿಳಿಯದೆ ಒಂದು ಜನಕ್ಕೆ ಹಾನಿ ಮಾಡಿ ಆಮೇಲೆ ಪಶ್ಚಾತ್ತಾಪ ಪಡುವಿರಿ ಎಂದು ಸೂರಃ ಹುಜುರಾತ್ (49:6) ಎಚ್ಚರಿಸಿರುವುದು ಇದಕ್ಕೇ.

ನಮ್ಮ ದೇಶದ ಕಾನೂನೂ ಈ ಎಚ್ಚರವನ್ನು ಇಟ್ಟುಕೊಂಡಿದೆ. ಸೆಷನ್ಸ್ ನ್ಯಾಯಾಲಯ ಕೊಟ್ಟ ಗಲ್ಲು ಹೈಕೋರ್ಟ್ ಖಾಯಂ ಮಾಡದೆ ಜಾರಿಯಾಗದು. ಅಪರೂಪದಲ್ಲೇ ಅಪರೂಪದ ಪ್ರಕರಣದಲ್ಲಿ ಮಾತ್ರ ಗಲ್ಲು ಎಂದು 1980ರ ಬಚನ್ ಸಿಂಗ್ ತೀರ್ಪು ಹೇಳಿದೆ. ವಿಳಂಬ ಎಂದು ನಾವು ಬೈಯುವ ಈ ಮೆಟ್ಟಿಲುಗಳೇ ಆ ಆರು ಜನರ ಪ್ರಾಣ ಉಳಿಸಿದವು.

ಹಾಗಾದರೆ ನಾವು ಮಾಡಬೇಕಾದದ್ದೇನು? ಕಳ್ಳತನದ ಸಂಶಯ ಬಂದ ಕೂಡಲೇ ಊರ ಹೊರಗೆ ಗುಡಿಸಲು ಹಾಕಿದ ಬಡವರ ಕಡೆ ಬೆರಳು ಮಾಡಬೇಡಿ. ‘ಅವರೇ ಇರಬೇಕು’ ಎಂಬ ಮಾತಿನ ನೋವು ನಮ್ಮ ಸಮುದಾಯಕ್ಕೆ ಹೊಸದಲ್ಲ; ಅದನ್ನು ಇನ್ನೊಬ್ಬರಿಗೆ ಕೊಡಬಾರದು. ಯಾರದೋ ಫೋಟೋ ಹಾಕಿ ‘ಕೊಲೆಗಾರ’ ಎಂದು ಬರೆದದ್ದನ್ನು ಮುಂದಕ್ಕೆ ಕಳಿಸಬೇಡಿ. ಕಣ್ಣಾರೆ ಕಂಡಿದ್ದರೆ ಹೆದರದೆ ಸಾಕ್ಷಿ ಹೇಳಿ. ಸ್ವಂತ ಮಗನ ವಿರುದ್ಧವಾದರೂ ಸರಿ (4:135). ದುಡಿಮೆ ಇಲ್ಲದ ಮಗ ಹೊಸ ಮೊಬೈಲು, ಹೊಸ ಬೈಕು ತಂದರೆ ಎಲ್ಲಿಂದ ಬಂತು ಎಂದು ಆ ದಿನವೇ ಕೇಳಿ.

ಕೊಲೆಯಾದವರ ಮನೆಯನ್ನು ಮೂರು ದಿನಕ್ಕೆ ಮರೆಯಬೇಡಿ. ಆ ಮಕ್ಕಳ ಶಾಲೆ, ಆ ಮನೆಯ ಒಲೆ ನಮ್ಮ ಬೈತುಲ್‌ಮಾಲ್‌ನ ಲೆಕ್ಕದಲ್ಲಿರಲಿ. ಅವರು ಯಾವ ಧರ್ಮದವರಾದರೂ ನೆರೆಯವರ ಹಕ್ಕು ನಮ್ಮ ಮೇಲಿದೆ. ಅಪರಾಧಿಯ ತಾಯಿಯನ್ನೂ ಮಕ್ಕಳನ್ನೂ ಊರಿನಿಂದ ದೂರ ಮಾಡಬೇಡಿ. ಒಬ್ಬರ ಪಾಪದ ಹೊರೆಯನ್ನು ಇನ್ನೊಬ್ಬರು ಹೊರುವುದಿಲ್ಲ (35:18).

ಯಾ ಅಲ್ಲಾಹ್, ನಮ್ಮ ಮನೆಗಳನ್ನು, ನೆರೆಯವರ ಮನೆಗಳನ್ನು ಸುರಕ್ಷಿತವಾಗಿಡು. ಮರ್ದಿತರಿಗೆ ನ್ಯಾಯ ಕೊಡು. ನಮ್ಮ ನಾಲಗೆಯಿಂದ, ಕೈಯಿಂದ ನಿರಪರಾಧಿಯ ರಕ್ತ ಹರಿಯದಂತೆ ಕಾಪಾಡು. ಆಮೀನ್.